ಲೇಟೆಕ್: ಚಿಂತೆ ಹೋಗುವುದಿಲ್ಲ, ಜಾಗ ಬದಲಿಸುತ್ತದೆ

ಬರೆಯುವವರು ವಿಷಯ ನೋಡಿಕೊಂಡರೆ ಸಾಕು, ಪುಟದ ಅಂದವನ್ನು ಲೇಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶ ನೋಡಿಕೊಳ್ಳುತ್ತದೆ ಎಂದು ಹೊಸಬರಿಗೆ ಹೇಳುವುದು ರೂಢಿ. ಇದು ಅರ್ಧ ನಿಜ. ಗಣಕವಿಜ್ಞಾನಿ ಡೊನಾಲ್ಡ್ ಕನೂತ್ ತಮ್ಮ ಗ್ರಂಥವೊಂದರ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ನೋಡಿ ಬೇಸತ್ತು, 1977ರಲ್ಲಿ ಟೆಕ್ ಎಂಬ ಮೂಲ ತಂತ್ರಾಂಶ ಕಟ್ಟಲು ಹೊರಟದ್ದೇ ಪುಟದ ಅಂದದ ಚಿಂತೆಯಿಂದ. 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅದರ ಮೇಲೆ ಲೇಟೆಕ್ ಕಟ್ಟಿದಾಗ ಆ ಚಿಂತೆ ಆದೇಶಗಳ ಹಿಂದೆ ಮರೆಯಾಯಿತು, ಅಷ್ಟೆ. ಇಲ್ಲೇ ಇರಲಿ ಎಂದ ಕೋಷ್ಟಕ ಮುಂದಿನ ಪುಟಕ್ಕೆ ಜಾರಿದೊಡನೆ ಆ ಚಿಂತೆ ಮತ್ತೆ ಹೊರಗೆ ಬರುತ್ತದೆ. ಆದೇಶವನ್ನು ಮುಚ್ಚುವ ಪುಷ್ಪಾವರಣವೊಂದು ಬಿಟ್ಟುಹೋದರೆ ಲೇಟೆಕ್‌ನ ದೂರು ಏಳುವುದು ಎಷ್ಟೋ ಸಾಲು ಕೆಳಗೆ. ಕಳ್ಳ ಒಂದು ಬೀದಿಯಲ್ಲಿ, ಕೂಗು ಇನ್ನೊಂದರಲ್ಲಿ.

ಹಾಗಿದ್ದೂ ಕಲಿಯಬೇಕೇಕೆ? ನನ್ನ ಮಟ್ಟಿಗೆ ಉತ್ತರ ಅಂದವಲ್ಲ, ಲೆಕ್ಕ. ನಲವತ್ತು ಸಮೀಕರಣಗಳ ಪ್ರಬಂಧದಲ್ಲಿ ಮೂರನೆಯದರ ಮುಂದೆ ಹೊಸದೊಂದು ಸೇರಿಸಿ ನೋಡಿ. ಸಮೀಕರಣಕ್ಕೆ ಹೆಸರಿನ ಚೀಟಿ ಅಂಟಿಸಿ, ಉಲ್ಲೇಖದಲ್ಲಿ ಸಂಖ್ಯೆಯ ಬದಲು ಆ ಹೆಸರನ್ನೇ ಬರೆದಿದ್ದರೆ ಮುಂದಿನ ಸಂಖ್ಯೆಗಳೆಲ್ಲ ತಾವೇ ಸರಿಯುತ್ತವೆ. ಹೊಸ ಚೀಟಿಯಾದರೆ ಮೊದಲ ಸಲ ಓಡಿಸಿದಾಗ ಉಲ್ಲೇಖದ ಜಾಗದಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆ ಕಾಣುತ್ತವೆ, ಎರಡನೆಯ ಸಲಕ್ಕೆ ಸಂಖ್ಯೆ ಬರುತ್ತದೆ. ಹೊಸಬರು ಗಾಬರಿಯಾಗುವುದು ಇಲ್ಲಿ. ಕಲಿಸುವವರು ಮೊದಲ ಪಾಠ ಮಾಡಬೇಕಾದದ್ದೂ ಇದನ್ನೇ. ವರ್ಡ್‌ನಲ್ಲೂ ಇದೆಲ್ಲ ಇದೆಯಲ್ಲ ಎನ್ನುವವರ ಮಾತು ತಪ್ಪಲ್ಲ. ಆದರೆ ಅಲ್ಲಿ ಅಕ್ಷರ ದಪ್ಪ ಮಾಡಿದರೂ ಶೀರ್ಷಿಕೆಯಂತೆ ಕಾಣುತ್ತದೆ, ಪರಿವಿಡಿ ತಯಾರಿಸುವಾಗ ಮಾತ್ರ ಗುಟ್ಟು ರಟ್ಟಾಗುತ್ತದೆ. ಲೇಟೆಕ್‌ನಲ್ಲೂ ಹಾಗೆ ಮೋಸ ಮಾಡಬಹುದು. ಆದರೆ ಸರಿಯಾದ ದಾರಿಯೇ ಸುಲಭವಾಗಿರುವುದರಿಂದ ಯಾರೂ ಅಷ್ಟು ಕಷ್ಟಪಡುವುದಿಲ್ಲ. ಸಮೀಕರಣವಿಲ್ಲದ ಎರಡು ಪುಟದ ಪತ್ರಕ್ಕೆ ಇದನ್ನು ಕಲಿಯುವುದು ಮಾತ್ರ ಇಲಿ ಹಿಡಿಯಲು ಬೆಟ್ಟ ಅಗೆದಂತೆ.

ಅಂದದ ವಿಷಯದಲ್ಲಿ ಕನ್ನಡವೇ ಕಠಿಣ ಪರೀಕ್ಷೆ. ಟೆಕ್ ಸಾಲುಸಾಲಾಗಿ ಅಲ್ಲ, ಇಡೀ ಪ್ಯಾರಾವನ್ನು ಒಟ್ಟಿಗೆ ತೂಗಿ ಎಲ್ಲಿ ಮುರಿಯಬೇಕೆಂದು ನಿರ್ಧರಿಸುತ್ತದೆ. ಟೆಕ್‌ನ ಯೂನಿಕೋಡ್ ಬಲ್ಲ ರೂಪವಾದ ಝೀಟೆಕ್ 2004ರಲ್ಲಿ ಬಂದಮೇಲೆ ಕನ್ನಡವನ್ನು ನೇರವಾಗಿ ಬರೆಯುವುದು ಹಗುರಾಯಿತು. ಆದರೆ 'ವಿಶ್ವವಿದ್ಯಾಲಯಗಳಲ್ಲೊಂದಾದ' ಎಂಬಂಥ ಪದ ಸಾಲಿನ ಕೊನೆಗೆ ಬಂದಾಗ, ಕನ್ನಡದ ಪದ ಒಡೆಯುವ ನಿಯಮಗಳನ್ನು ಹೇಳಿ ಕರೆಸಿಕೊಳ್ಳದಿದ್ದರೆ, ಪದಗಳ ನಡುವೆ ಕಂದಕ ಬೀಳುತ್ತದೆ, ಇಲ್ಲವೇ ಪದ ಅಂಚು ದಾಟಿ ಹೊರಗೆ ಚಾಚಿಕೊಳ್ಳುತ್ತದೆ. ಆಗ ಲೇಟೆಕ್ ಎಚ್ಚರಿಕೆಯನ್ನೇನೋ ಬರೆದಿಡುತ್ತದೆ, ಲಾಗ್ ಕಡತದಲ್ಲಿ. ಅದನ್ನು ತೆರೆದು ನೋಡುವ ಕೆಲಸ ಬರೆಯುವವರದೇ.