ಟಿವಿಯಲ್ಲಿ ಟೆಸ್ಟ್ ನೋಡುವವರಿಗೆ: ನಾಯಕನ ಆಟವನ್ನು ಕಾಣುವ ಬಗೆ

ಯಾರ ಕೈಗೆ ಚೆಂಡು ಕೊಡಬೇಕು, ಯಾರನ್ನು ಎಲ್ಲಿ ನಿಲ್ಲಿಸಬೇಕು, ಇನಿಂಗ್ಸನ್ನು ಯಾವಾಗ ಮುಗಿಸಬೇಕು ಎಂಬ ನಾಯಕನ ನಿರ್ಧಾರಗಳು ಟೆಸ್ಟ್ ಕ್ರಿಕೆಟ್ಟಿನ ಅರ್ಧ ಸೊಗಸನ್ನು ಹೊತ್ತಿರುತ್ತವೆ. ರಾಯಚೂರು ಜಿಲ್ಲೆಯ ಕವಿತಾಳದಂಥ ಊರಿನ ರಸಿಕರಿಗೆ ಬೆಂಗಳೂರಿನ ಚಿನ್ನಸ್ವಾಮಿಯಾಗಲಿ ಹೈದರಾಬಾದಿನ ಉಪ್ಪಲ್ ಕ್ರೀಡಾಂಗಣವಾಗಲಿ ದೂರದ ಮಾತಾದ್ದರಿಂದ ಟಿವಿಯಲ್ಲಿ ಕಂಡಷ್ಟೇ ಪಂದ್ಯ. ಆದರೆ ಟಿವಿ ಮರೆಮಾಚುವುದು ಈ ಅರ್ಧವನ್ನೇ.

ಬೌಲರನ ಬೆನ್ನ ಹಿಂದಿನ ಕ್ಯಾಮೆರಾ ಪಿಚ್, ವಿಕೆಟ್ ಕೀಪರ್ ಮತ್ತು ಒಬ್ಬಿಬ್ಬರು ಸ್ಲಿಪ್ ಆಟಗಾರರನ್ನಷ್ಟೇ ತೋರಿಸುತ್ತದೆ. ಓವರ್ ಮುಗಿದೊಡನೆ ಜಾಹೀರಾತು ಬರುತ್ತದೆ. ಬ್ಯಾಟರನ ಮಗ್ಗುಲಲ್ಲೇ ಬಗ್ಗಿ ನಿಲ್ಲುವ ಷಾರ್ಟ್ ಲೆಗ್ ಆಟಗಾರನನ್ನು ನಾಯಕ ಹಿಂದಕ್ಕೆ ಕಳುಹಿಸಿ ಬೌಂಡರಿ ಕಾಯಲು ನಿಲ್ಲಿಸುವುದು, ಅಂದರೆ ವಿಕೆಟ್ ಬೇಟೆ ಬಿಟ್ಟು ರನ್ ತಡೆಯಲು ಹೊರಡುವುದು, ಬಹುಮಟ್ಟಿಗೆ ಆ ಹೊತ್ತಿನಲ್ಲೇ. ಹೊಸ ನೋಡುಗರು ಇದಕ್ಕೊಂದು ಉಪಾಯ ರೂಢಿಸಿಕೊಳ್ಳಬೇಕು: ಚೆಂಡು ದೂರ ಹೋದಾಗ ಕ್ಯಾಮೆರಾ ಅಗಲವಾಗಿ ತೆರೆದುಕೊಳ್ಳುವ ಎರಡು ಮೂರು ಕ್ಷಣಗಳಲ್ಲಿ ರನ್ನಿನತ್ತ ನೋಡದೆ, ಬೌಲರ್ ಮತ್ತು ಕೀಪರನ್ನು ಬಿಟ್ಟು ಉಳಿದ ಒಂಬತ್ತು ಜನ ಎಲ್ಲೆಲ್ಲಿದ್ದಾರೆಂದು ಎಣಿಸಿಟ್ಟುಕೊಂಡು, ಮುಂದಿನ ಸಲ ಯಾರು ಕದಲಿದ್ದಾರೆಂದು ಗುರುತಿಸಬೇಕು. ಮುಖ್ಯಾಂಶಗಳನ್ನು ನಂಬುವಂತಿಲ್ಲ; ರಾಯಚೂರಿನಲ್ಲಿ ಹುಟ್ಟಿ ರೈಲ್ವೇಸ್ ತಂಡದ ರಣಜಿ ಗೆಲುವುಗಳಿಗೆ ಹೆಗಲು ಕೊಟ್ಟ ಯರೇಗೌಡರಂಥವರ ತಾಳ್ಮೆಯ ಆಟಕ್ಕೆ ಬೌಂಡರಿ, ಸಿಕ್ಸರುಗಳನ್ನಷ್ಟೇ ಪೋಣಿಸಿದ ಆ ತುಣುಕುಗಳಲ್ಲಿ ಜಾಗವೇ ಇರುವುದಿಲ್ಲ.

ನಿರ್ಧಾರವನ್ನು ತೂಗುವುದು ಇನ್ನೂ ಸೂಕ್ಷ್ಮವಾದ ಕೆಲಸ. 2004ರ ಮಾರ್ಚ್ 29ರಂದು ಮುಲ್ತಾನಿನಲ್ಲಿ, ನಾಯಕ ಗಂಗೂಲಿಯವರ ಬದಲಿಗೆ ಭಾರತ ತಂಡ ನಡೆಸುತ್ತಿದ್ದ ರಾಹುಲ್ ದ್ರಾವಿಡ್, ಸಚಿನ್ ತೆಂಡೂಲ್ಕರ್ ದ್ವಿಶತಕಕ್ಕೆ ಆರೇ ರನ್ ಬೇಕಿದ್ದು 194ರಲ್ಲಿ ಅಜೇಯರಾಗಿದ್ದಾಗಲೇ ಡಿಕ್ಲೇರ್ ಮಾಡಿದರು, ಅಂದರೆ ವಿಕೆಟ್ ಉಳಿದಿದ್ದರೂ ಇನಿಂಗ್ಸ್ ಮುಗಿಸಿದರು. ದಿನದಾಟ ಮುಗಿಯುವ ಮುನ್ನ ಪಾಕಿಸ್ತಾನಕ್ಕೆ ಕೆಲವು ಓವರ್ ಎಸೆಯುವುದು ಅವರ ಉದ್ದೇಶವಾಗಿತ್ತು. ಭಾರತ ಇನಿಂಗ್ಸ್ ಮತ್ತು 52 ರನ್ನುಗಳಿಂದ ಗೆದ್ದಿತಾದರೂ ಅದರಿಂದ ನಿರ್ಧಾರ ಸರಿಯೆಂದು ಸಾಬೀತಾಗುವುದಿಲ್ಲ, ಏಕೆಂದರೆ ಪಂದ್ಯ ಐದನೇ ದಿನ ಬೆಳಗ್ಗೆಯೇ ಮುಗಿದು ಸಾಕಷ್ಟು ಸಮಯ ಉಳಿದಿತ್ತು. 2007ರ ಆಗಸ್ಟಿನಲ್ಲಿ ಓವಲ್ ಮೈದಾನದಲ್ಲಿ ಇದೇ ದ್ರಾವಿಡ್, 319 ರನ್ ಮುನ್ನಡೆಯಿದ್ದರೂ ಇಂಗ್ಲೆಂಡಿಗೆ ಫಾಲೋ ಆನ್ ಹೇರಲಿಲ್ಲ. ಹಿಂದುಳಿದ ತಂಡ ಕೂಡಲೇ ಮತ್ತೆ ಬ್ಯಾಟ್ ಮಾಡಬೇಕೆಂಬ ಈ ನಿಯಮವನ್ನು 200 ರನ್ ಮುನ್ನಡೆಯಿದ್ದರೆ ಬಳಸಬಹುದು. ಪಂದ್ಯ ಡ್ರಾ ಆಗಿ ಟೀಕೆಯ ಮಳೆಯೇ ಸುರಿಯಿತು. ಆದರೆ ಸರಣಿಯಲ್ಲಿ 1–0 ಮುಂದಿದ್ದು, ದಣಿದ ಬೌಲರುಗಳನ್ನು ಕಟ್ಟಿಕೊಂಡ ನಾಯಕನಿಗೆ ಸೋಲದಿರುವುದೇ ಮೊದಲ ಗುರಿಯಾಗಿತ್ತು, ಮತ್ತು 1986ರ ನಂತರ ಇಂಗ್ಲೆಂಡ್ ನೆಲದಲ್ಲಿ ಭಾರತ ಸರಣಿ ಗೆದ್ದದ್ದು ಆಗಲೇ. ಎರಡರಲ್ಲಿ ಓವಲ್ ನಿರ್ಧಾರವೇ ಹೆಚ್ಚು ಗಟ್ಟಿಯಾದದ್ದು, ಬೈಗುಳ ಅದಕ್ಕೆ ಎಷ್ಟೇ ಬಿದ್ದಿದ್ದರೂ.

ಆದ್ದರಿಂದ ವೀಕ್ಷಕ ವಿವರಣೆಗಾರರು ಫಲಿತಾಂಶ ಕಂಡ ಮೇಲೆ ಹೇಳುವ ತೀರ್ಪಿಗೆ ಕಾಯದೆ, ನಾಯಕನಿಗೆ ಆ ಗಳಿಗೆಯಲ್ಲಿ ಏನು ಗೊತ್ತಿತ್ತು ಎಂದು ಕೇಳಿಕೊಂಡು ತಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದನ್ನು ರಸಿಕರು ಅಭ್ಯಾಸ ಮಾಡಬೇಕು. ಪ್ರಸಾರಕರು ತಮ್ಮ ಪಾಲಿಗೆ, ಪ್ರತಿ ಓವರಿನ ಮೊದಲ ಚೆಂಡಿಗೆ ಮುನ್ನ ಐದು ಸೆಕೆಂಡು ಇಡೀ ಮೈದಾನವನ್ನು ತೋರಿಸಲಿ.