ಮೆಚ್ಚಿದವರೆಲ್ಲ ಓದಿದವರಲ್ಲ

ಬರಹಗಾರನಿಗೆ ಬೇಕಾದದ್ದು ಮೆಚ್ಚುಗೆ ಎಂಬ ನಂಬಿಕೆ ನಮ್ಮ ಸಾಹಿತ್ಯಲೋಕದಲ್ಲಿ ಆಳವಾಗಿ ಬೇರುಬಿಟ್ಟಿದೆ. ಪುಸ್ತಕ ಬಿಡುಗಡೆಯ ವೇದಿಕೆ, ಮುನ್ನುಡಿ, ಬೆನ್ನುಡಿ, ಅಭಿನಂದನ ಗ್ರಂಥ ಎಲ್ಲ ಕಡೆಯೂ ಇದೇ ನಂಬಿಕೆ ಕೆಲಸ ಮಾಡುತ್ತದೆ. ಲೇಖಕನ ಮನಸ್ಸನ್ನರಿತು ತಲೆದೂಗುವವನೇ ಸಹೃದಯ, ತಪ್ಪು ಎತ್ತಿ ಆಡುವ ವಿಮರ್ಶಕ ಬರೆಯುವ ಕೈಯನ್ನು ಕಟ್ಟಿಹಾಕುತ್ತಾನೆ ಎಂದು ಹಲವರು ಹೇಳುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ತನ್ನನ್ನು ಯಾರೋ ಅರ್ಥಮಾಡಿಕೊಂಡರು ಎಂಬ ಸಮಾಧಾನ ಬರೆದವರಿಗೆ ಹೊಗಳಿಕೆಯಿಂದ ಸಿಗುವುದಿಲ್ಲ. ತಾನು ಯೋಚಿಸಿ ಇಟ್ಟ ಮಾತಿನ ಮೇಲೆ ಇನ್ನೊಬ್ಬರು ಅಷ್ಟೇ ಹೊತ್ತು ನಿಂತಿದ್ದಾರೆ ಎಂಬ ಖಾತರಿಯಿಂದ ಸಿಗುತ್ತದೆ. ಆ ಖಾತರಿ ಭಿನ್ನಮತದ ಜೊತೆಗೂ ಬರಬಹುದು.

ಧಾರವಾಡದ ಮನೋಹರ ಗ್ರಂಥಮಾಲೆಯ ಅಟ್ಟವನ್ನು ನೆನೆಯಿರಿ. ಪ್ರಕಾಶಕ ಜಿ.ಬಿ. ಜೋಶಿ ಮತ್ತು ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಹೊಸಬರ ಬರಹವನ್ನು ಕೂತು ಓದಿ ಚರ್ಚಿಸುತ್ತಿದ್ದ ಜಾಗ ಅದು. 1961ರಲ್ಲಿ ಗ್ರಂಥಮಾಲೆ ‘ಯಯಾತಿ’ ನಾಟಕವನ್ನು ಪ್ರಕಟಿಸಿದಾಗ ಗಿರೀಶ ಕಾರ್ನಾಡರು ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ತರುಣ. ಭಾರತದ ಇತಿಹಾಸವನ್ನು ಗಂಭೀರವಾಗಿ ಎದುರಿಸಿದ ನಾಟಕ ನಮ್ಮಲ್ಲಿ ಬಂದಿಲ್ಲ ಎಂದು ಕುರ್ತಕೋಟಿ ಎತ್ತಿ ತೋರಿಸಿದ ಕೊರತೆಯೇ ತನ್ನನ್ನು ಇತಿಹಾಸದ ಪುಸ್ತಕಗಳತ್ತ ದೂಡಿತು ಎಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ. ಹಾಗೆ ಓದುತ್ತ ಹೋದವರಿಗೆ ಮಹಮ್ಮದ್ ಬಿನ್ ತುಘಲಕ್ ಎದುರಾದ. 1964ರಲ್ಲಿ ‘ತುಘಲಕ್’ ಬಂತು. ಇಲ್ಲದ್ದನ್ನು ಬೆರಳಿಟ್ಟು ತೋರಿಸುವ ಅಧಿಕಾರ ಇದ್ದದ್ದನ್ನು ಪೂರ್ತಿ ಓದಿದವನಿಗೆ ಮಾತ್ರ ಬರುತ್ತದೆ. ಕುರ್ತಕೋಟಿಯವರಿಗೆ ಅದು ಇತ್ತು. ಆ ಹೊತ್ತಿನಲ್ಲಿ ಬರೀ ಶಹಬ್ಬಾಸ್‌ಗಿರಿ ಸಿಕ್ಕಿದ್ದರೆ ಕನ್ನಡ ರಂಗಭೂಮಿಗೆ ಏನು ನಷ್ಟವಾಗುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಮೆಚ್ಚುವುದಕ್ಕೂ ಓದುವುದಕ್ಕೂ ಇರುವ ದೂರ ಇನ್ನೂ ಸ್ಪಷ್ಟವಾಗಿ ಕಾಣುವುದು ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ ವಿಷಯದಲ್ಲಿ. 1965ರ ಈ ಕಾದಂಬರಿ ಎ.ಕೆ. ರಾಮಾನುಜನ್ ಅವರ ಅನುವಾದದಲ್ಲಿ 1976ರಲ್ಲಿ ಇಂಗ್ಲಿಷಿಗೆ ಹೋಯಿತು. ಅದನ್ನೋದಿದ ವಿ.ಎಸ್. ನೈಪಾಲ್ 1977ರ ತಮ್ಮ ಭಾರತದ ಪುಸ್ತಕದಲ್ಲಿ ‘ಸಂಸ್ಕಾರ’ಕ್ಕೆ ಹಲವು ಪುಟ ಕೊಟ್ಟರು. ಲೋಕಪ್ರಸಿದ್ಧ ಲೇಖಕನೊಬ್ಬ ಕನ್ನಡದ ಕಾದಂಬರಿಗೆ ಅಷ್ಟು ಬೆಲೆ ಕೊಟ್ಟದ್ದು ದೊಡ್ಡ ಸುದ್ದಿಯೇ. ಆದರೆ ಹಿಂದೂ ಮನಸ್ಸಿನಲ್ಲಿ ‘ನಾನು’ ಎಂಬುದು ಬೆಳೆದೇ ಇಲ್ಲ ಎಂಬ ವಾದ ನೈಪಾಲರ ಕೈಯಲ್ಲಿ ಮೊದಲೇ ಇತ್ತು. ಕಾದಂಬರಿಯ ನಾಯಕ ಪ್ರಾಣೇಶಾಚಾರ್ಯ ಅದಕ್ಕೆ ಒದಗಿಬಂದ ಸಾಕ್ಷಿಯಾದ.

ರಾಮಾನುಜನ್ ತಮ್ಮ ಅನುವಾದಕ್ಕೆ ಬರೆದ ಹಿನ್ನುಡಿಯ ದಾರಿ ಬೇರೆ. ಕಾದಂಬರಿಯ ಕೊನೆಯನ್ನೇ ತೆಗೆದುಕೊಳ್ಳಿ. ಪ್ರಾಣೇಶಾಚಾರ್ಯ ಗಾಡಿಯಲ್ಲಿ ದೂರ್ವಾಸಪುರದ ಕಡೆ ಹೊರಟಿದ್ದಾನೆ. ಚಂದ್ರಿ ಎಂಬ ಹೆಣ್ಣಿನ ಜೊತೆ ನಡೆದದ್ದನ್ನು ಅಗ್ರಹಾರದವರ ಮುಂದೆ ಹೇಳಬೇಕು. ಇನ್ನೂ ಕೆಲವು ಗಂಟೆಗಳ ದಾರಿ ಉಳಿದಿದೆ. ಅಲ್ಲಿಗೇ ಕಾದಂಬರಿ ನಿಂತುಬಿಡುತ್ತದೆ. ಅವಸರದ ಓದುಗ ‘ಹೇಳಿದನೋ ಇಲ್ಲವೋ’ ಎಂದು ಕೇಳುತ್ತಾನೆ. ಉತ್ತರ ಸಿಗದಿದ್ದಾಗ ಲೇಖಕನ ಅಂಜಿಕೆಯನ್ನು ದೂರುತ್ತಾನೆ. ರಾಮಾನುಜನ್ ಆ ನಿಲುಗಡೆಯನ್ನೇ ಓದಿದರು. ಇದೊಂದು ತೀರ್ಮಾನವಿಲ್ಲದ ಮುಕ್ತಾಯ, ದಾಟುವಿಕೆಯ ನಡುವೆಯೇ ಇರುವ ಮನುಷ್ಯನ ಚಿತ್ರ ಎಂದು ಕಂಡರು. ಅದು ಪುಸ್ತಕದೊಳಗಿನಿಂದಲೇ ಎದ್ದುಬಂದ ಅರ್ಥ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ರಾಮಾನುಜನ್ ಅನುವಾದಕ, ಆದ್ದರಿಂದ ಕೃತಿಯ ಪಕ್ಷಪಾತಿ ಎನ್ನಬಹುದು. ಆದರೆ ಅನುವಾದಕ ಒಂದು ವಾಕ್ಯವನ್ನೂ ಹಾರಿಸಿ ಮುಂದೆ ಹೋಗುವಂತಿಲ್ಲ. ಪಕ್ಷಪಾತ ಇದ್ದರೂ ಅವನು ಆ ಶ್ರಮದಿಂದ ತಪ್ಪಿಸಿಕೊಳ್ಳಲಾರ. ಲೇಖಕ ಅಂದುಕೊಂಡದ್ದನ್ನೇ ಓದುಗ ಕಾಣಬೇಕೆ ಎಂಬುದು ಎರಡನೆಯ ಪ್ರಶ್ನೆ. ಖಂಡಿತ ಬೇಡ. ನೈಪಾಲ್ ಲೇಖಕನ ಉದ್ದೇಶವನ್ನು ಮೀರಿದರು ಎಂಬುದು ನನ್ನ ದೂರಲ್ಲ. ಪುಸ್ತಕ ತನ್ನ ಮಾತು ಮುಗಿಸುವ ಮೊದಲೇ ಅವರು ತೀರ್ಪು ಬರೆದಿದ್ದರು ಎಂಬುದು ದೂರು. ಬರೆದವನಿಗೇ ಹೊಳೆಯದ ಅರ್ಥವನ್ನು ಓದುಗ ಪುಟದಲ್ಲೇ ತೋರಿಸಿಕೊಟ್ಟರೆ ಅದಕ್ಕಿಂತ ದೊಡ್ಡ ಉಡುಗೊರೆ ಲೇಖಕನಿಗೆ ಇನ್ನೊಂದಿಲ್ಲ.

ಪ್ರಶಸ್ತಿಯೂ ಈ ಜಾಗವನ್ನು ತುಂಬುವುದಿಲ್ಲ. ಬೇಂದ್ರೆಯವರ ‘ನಾಕುತಂತಿ’ಗೆ 1973ರ ಜ್ಞಾನಪೀಠ ಬಂತು, ನಾಡು ಸಂಭ್ರಮಿಸಿತು. ಆ ಸಂಕಲನ ಅರ್ಥವಾಗುವುದಿಲ್ಲ ಎಂಬ ಮಾತು ಮಾತ್ರ ನಿಲ್ಲಲಿಲ್ಲ. ಬೇಂದ್ರೆಯವರ ಬದುಕು ಮತ್ತು ಕಾವ್ಯವನ್ನು ಇಡಿಯಾಗಿ ಕೈಗೆತ್ತಿಕೊಂಡ ಜಿ.ಎಸ್. ಆಮೂರರ ‘ಭುವನದ ಭಾಗ್ಯ’ ಬಂದದ್ದು ಕವಿ 1981ರಲ್ಲಿ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿದ್ದು 1996ರಲ್ಲಿ. ಅಂಥ ಓದು ಕವಿಯ ಕಣ್ಣಿಗೆ ಬೀಳಬೇಕಿತ್ತು. ಸನ್ಮಾನಕ್ಕೆ ಒಂದು ಸಂಜೆ ಸಾಕು, ಓದಿಗೆ ವರ್ಷಗಳು ಬೇಕು. ನಾವು ಸಂಜೆಗಳನ್ನು ಧಾರಾಳವಾಗಿ ಕೊಡುತ್ತೇವೆ, ವರ್ಷಗಳನ್ನು ಕೊಡುವುದಿಲ್ಲ.

ಆದ್ದರಿಂದ ಮುನ್ನುಡಿ ಬರೆಯುವ ಹಿರಿಯರಲ್ಲಿ, ವೇದಿಕೆಯ ಮೇಲೆ ಪುಸ್ತಕ ಪರಿಚಯಿಸುವವರಲ್ಲಿ, ಲೇಖಕರಿಗೆ ನಾಲ್ಕು ಸಾಲು ಬರೆದು ಕಳಿಸುವ ಓದುಗರಲ್ಲಿ ಒಂದೇ ಕೇಳಿಕೆ. ‘ಅದ್ಭುತವಾಗಿದೆ’ ಎಂದು ಬಿಟ್ಟುಬಿಡಬೇಡಿ. ನಿಮ್ಮನ್ನು ತಡೆದು ನಿಲ್ಲಿಸಿದ ಒಂದು ಪುಟ ಯಾವುದು, ಒಪ್ಪಿಗೆಯಾಗದ ಒಂದು ವಾಕ್ಯ ಯಾವುದು, ಏಕೆ, ಅಷ್ಟನ್ನು ಹೇಳಿ. ಬರೆದವರು ಕಾಯುತ್ತಿರುವುದು ಅದಕ್ಕೇ.