ಎರಡು ಗೆರೆಗಳ ಆಚೆಗೆ

ಹೆಪಟೈಟಿಸ್ ಸಿ ಪತ್ತೆಯ ಕ್ರಮದಲ್ಲಿ ನನಗೆ ತುಂಬ ಹಿಡಿಸಿದ್ದು ಅದರ ನ್ಯಾಯಾಧೀಶನ ಗುಣ: ಒಂದೇ ಸಾಕ್ಷಿಯ ಮಾತು ಕೇಳಿ ತೀರ್ಪು ಕೊಡುವುದಿಲ್ಲ.

ಈ ಪರೀಕ್ಷೆಯ ಹುಟ್ಟೇ ಸೊಗಸು. 1989ರಲ್ಲಿ ವಿಜ್ಞಾನಿ ಮೈಕೆಲ್ ಹೌಟನ್ ತಂಡ ವೈರಸ್ಸನ್ನು ಕಣ್ಣಾರೆ ಕಾಣದೆಯೇ ಗುರುತಿಸಿತು. ಸೋಂಕಿತ ಚಿಂಪಾಂಜಿಯ ರಕ್ತದಿಂದ ಪಡೆದ ಅಸಂಖ್ಯ ವಂಶವಾಹಿ ತುಣುಕುಗಳ ನಡುವೆ ವೈರಸ್ಸಿನದನ್ನು ಹೆಕ್ಕಿಕೊಟ್ಟದ್ದು ರೋಗಿಯ ರಕ್ತದಲ್ಲಿ ಸೋಂಕಿನ ವಿರುದ್ಧ ಹುಟ್ಟಿದ್ದ ಪ್ರತಿಕಾಯ.

ಇಂದಿಗೂ ಮೊದಲು ಹುಡುಕುವುದು ಪ್ರತಿಕಾಯವನ್ನೇ. ರ‍್ಯಾಪಿಡ್ ಕಿಟ್ಟಿಗೆ ಬೆರಳ ತುದಿಯ ಒಂದು ಹನಿ ರಕ್ತ, ಮೇಲೆ ಬಫರ್ ದ್ರಾವಣ. ‘ಸಿ’ ಬಳಿ ಗೆರೆ ಮೂಡಿದರೆ ಕಿಟ್ ಕೆಲಸ ಮಾಡಿದೆ; ಜೊತೆಗೆ ‘ಟಿ’ ಬಳಿಯೂ ಮೂಡಿದರೆ, ಎಷ್ಟೇ ಮಸುಕಾಗಿರಲಿ, ಪ್ರತಿಕಾಯವಿದೆ ಎಂದರ್ಥ.

ಅಷ್ಟಕ್ಕೇ ರೋಗವಿದೆ ಎನ್ನುವಂತಿಲ್ಲ. ವೈರಸ್ ತೊಲಗಿದ ಮೇಲೂ ಪ್ರತಿಕಾಯ ವರ್ಷಗಟ್ಟಲೆ ಉಳಿಯುತ್ತದೆ. ಗೆರೆ ಮೂಡದಿದ್ದರೆ ಸೋಂಕಿಲ್ಲ ಎನ್ನುವಂತೆಯೂ ಇಲ್ಲ: ಸೋಂಕಿನ ಮೊದಲ ವಾರಗಳಲ್ಲಿ ಅದು ಹುಟ್ಟಿಯೇ ಇರುವುದಿಲ್ಲ. ಆಗ ನೆರವಿಗೆ ಬರುವುದು ಪಿಸಿಆರ್. ವೈರಸ್ಸಿನ ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲಿಸಿ, ಸುತ್ತುಸುತ್ತಿಗೂ ಇಮ್ಮಡಿಸಿ, ವೈರಸ್ ಈಗಲೂ ಇದೆಯೇ, ಎಷ್ಟಿದೆ ಎಂದು ಹೇಳುತ್ತದೆ. ಚಿಕಿತ್ಸೆ ಮುಗಿದ 12 ವಾರಗಳ ಬಳಿಕವೂ ಆರ್‌ಎನ್‌ಎ ಕಾಣದಿದ್ದರೆ ಗುಣವಾದಂತೆ.

2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಚಿಕಿತ್ಸೆ ಎರಡೂ ಉಚಿತ. ಗುಣಪಡಿಸುವ ಮಾತ್ರೆಗಳಿರುವ ಕಾಲದಲ್ಲಿ ಇಷ್ಟು ಕರಾರುವಾಕ್ಕಾದ ಪರೀಕ್ಷೆಗೆ ಬೆಲೆ ಇನ್ನೂ ಹೆಚ್ಚು.